ಗೆರೆ ಎಲ್ಲಿ ಎಳೆದಿರಿ ಎಂದು ಮೊದಲು ಕೇಳಿ

ಈ ಅಂಕಣದ ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇರುವ ಪ್ರಶ್ನೆಯೊಂದಿದೆ. ಸರ್ಕಾರದ ಯೋಜನೆಯೊಂದರ ಮೌಲ್ಯಮಾಪನ ವರದಿ ಬರುತ್ತದೆ, ಯೋಜನೆ ಬಹುಮಟ್ಟಿಗೆ ಯಶಸ್ವಿ ಎನ್ನುತ್ತದೆ. ಅದೇ ಯೋಜನೆ ನಡೆದ ಊರಿಗೆ ಹೋಗಿ ನೋಡಿದರೆ ಜನರ ಪಾಡು ಮೊದಲಿಗಿಂತ ಬಿಗಡಾಯಿಸಿರುತ್ತದೆ. ಹಾಗಾದರೆ ವರದಿ ಬರೆದವರು ಸುಳ್ಳು ಹೇಳಿದರೇ? ಇಲಾಖೆಗೆ ಬೇಕಾದಂತೆ ಅಂಕಿ ತಿದ್ದಿದರೇ?

ಈ ಕೆಲಸವನ್ನು ಹತ್ತಿರದಿಂದ ಕಂಡವನಾಗಿ ಹೇಳುತ್ತೇನೆ: ಅಂಕಿ ತಿದ್ದುವ ಪ್ರಸಂಗಗಳು ಇಲ್ಲವೆಂದಲ್ಲ, ಆದರೆ ಅವು ಕಡಿಮೆ. ಸಾಮಾನ್ಯವಾಗಿ ಅಂಕಿಗಳು ಸರಿಯಾಗಿಯೇ ಇರುತ್ತವೆ. ಸಮೀಕ್ಷೆಗೆ ಹೋದ ಹುಡುಗರು ಬಿಸಿಲಲ್ಲಿ ಅಲೆದು ಪ್ರಾಮಾಣಿಕವಾಗಿ ತುಂಬಿಸಿಕೊಂಡು ಬಂದ ಅಂಕಿಗಳು ಅವು. ತೊಂದರೆ ಇರುವುದು ಅದಕ್ಕೂ ಮೊದಲು, ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂದು ಗೆರೆ ಎಳೆದ ದಿನ. ಆ ಗೆರೆಯೊಳಗೆ ಯೋಜನೆ ಗೆದ್ದಿರುತ್ತದೆ. ಸೋತವರು ಗೆರೆಯ ಆಚೆ ಇರುತ್ತಾರೆ.

ಕೋಲಾರ ಜಿಲ್ಲೆಯ ಹನಿ ನೀರಾವರಿಯನ್ನೇ ತೆಗೆದುಕೊಳ್ಳೋಣ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಅದು. ಒಂದು ಕಾಲಕ್ಕೆ ಕೆರೆಗಳ ನಾಡು, ಈಗ ಬೋರ್‌ವೆಲ್‌ಗಳ ನಾಡು. ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗುವ ಭರವಸೆ ಇಲ್ಲ. ಇಂಥ ಕಡೆ ಹನಿ ನೀರಾವರಿಗೆ ಸಬ್ಸಿಡಿ ಕೊಡುವುದು ಯಾರಿಗೂ ತಪ್ಪೆನಿಸುವುದಿಲ್ಲ. ಕರ್ನಾಟಕದಲ್ಲಿ ಎರಡು ಹೆಕ್ಟೇರ್‌ವರೆಗೆ ಶೇ 90ರವರೆಗೂ ಸಹಾಯಧನ ಸಿಕ್ಕಿದೆ. ಕೇಂದ್ರವೂ 2015ರಿಂದ ಪ್ರತಿ ಹನಿಗೂ ಹೆಚ್ಚು ಬೆಳೆ ಎಂಬ ಘೋಷಣೆಯೊಂದಿಗೆ ಹಣ ಕೊಡುತ್ತಾ ಬಂದಿದೆ.

ಇದರ ಮೌಲ್ಯಮಾಪನ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಇಲಾಖೆಯಿಂದ ಫಲಾನುಭವಿಗಳ ಪಟ್ಟಿ ಬರುತ್ತದೆ. ಅದರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಹೊಲಕ್ಕೆ ಹೋಗಿ ಪೈಪು ಇದೆಯೇ, ಕೆಲಸ ಮಾಡುತ್ತಿದೆಯೇ, ಎಕರೆಗೆ ನೀರು ಎಷ್ಟು ಉಳಿಯಿತು, ಇಳುವರಿ ಎಷ್ಟು ಹೆಚ್ಚಿತು, ಕೂಲಿ ಎಷ್ಟು ಕಡಿಮೆಯಾಯಿತು ಎಂದು ಕೇಳುತ್ತಾರೆ. ಉತ್ತರಗಳೆಲ್ಲ ಒಳ್ಳೆಯವೇ. ಮಲ್ಚಿಂಗ್ ಶೀಟ್ ಹಾಸಿ, ಅದರಡಿ ಲ್ಯಾಟರಲ್ ಪೈಪು ಎಳೆದು, ಗೊಬ್ಬರವನ್ನೂ ಪೈಪಿನಲ್ಲೇ ಬಿಟ್ಟು ಬೆಳೆದ ಟೊಮ್ಯಾಟೊ ಸಾಲುಗಳನ್ನು ನೋಡಿದವರಿಗೆ ಗೊತ್ತು, ಅದು ನಿಜಕ್ಕೂ ಅಚ್ಚುಕಟ್ಟಾದ ಬೇಸಾಯ. ಕಳೆ ಕಡಿಮೆ, ನೀರು ಹಾಯಿಸಲು ರಾತ್ರಿಯೆಲ್ಲ ನಿದ್ದೆಗೆಡುವ ಕಷ್ಟ ಕಡಿಮೆ. ರೈತ ಸಂತೋಷವಾಗಿದ್ದಾನೆ ಎಂದು ವರದಿ ಹೇಳಿದರೆ ಅದು ನಿಜ.

ಶ್ರೀನಿವಾಸಪುರ ಕಡೆಯ ಹಳ್ಳಿಯೊಂದರಲ್ಲಿ ಅಂಥ ಸಂತೋಷದ ರೈತರೊಬ್ಬರ ಜೊತೆ ಬದುವಿನ ಮೇಲೆ ಕೂತು ಮಾತಾಡಿದ್ದು ನನಗೆ ಚೆನ್ನಾಗಿ ನೆನಪಿದೆ. “ಮೊದಲು ಒಂದೆಕರೆಗೇ ನೀರು ಸಾಲ್ತಿರಲಿಲ್ಲ ಸಾರ್. ಈಗ ಅದೇ ಬೋರಲ್ಲಿ ಎರಡೂವರೆ ಎಕರೆ ಹಾಕಿದೀನಿ” ಎಂದರು. ದನಿಯಲ್ಲಿ ಹೆಮ್ಮೆಯಿತ್ತು, ಇರಬೇಕಾದದ್ದೇ. ಮೋಟ್ರು ದಿನಕ್ಕೆ ಎಷ್ಟು ಹೊತ್ತು ಓಡುತ್ತೆ ಅಂದೆ. “ತ್ರೀ ಫೇಸ್ ಇದ್ದಷ್ಟು ಹೊತ್ತೂ ಓಡುತ್ತೆ. ಆಟೋ ಸ್ಟಾರ್ಟರ್ ಇದೆಯಲ್ಲ, ಕರೆಂಟ್ ಬಂದರೆ ತಾನೇ ಆನ್ ಆಗುತ್ತೆ.” ಡ್ರಿಪ್ ಹಾಕಿಸೋಕೆ ಮುಂಚೆ? “ಆಗಲೂ ಅಷ್ಟೇ ಸಾರ್.”

ಪಕ್ಕದ ಹೊಲ ಬೀಳು ಬಿದ್ದಿತ್ತು. ಅದರ ಒಡತಿ, ವಯಸ್ಸಾದ ಹೆಂಗಸು, ಇದೇ ತೋಟದಲ್ಲಿ ಟೊಮ್ಯಾಟೊ ಬಿಡಿಸಿ ಕ್ರೇಟಿಗೆ ತುಂಬುತ್ತಿದ್ದರು. ನಿಮ್ಮನ್ನೂ ಎರಡು ಮಾತು ಕೇಳಬಹುದಾ ಅಮ್ಮ ಅಂದಿದ್ದಕ್ಕೆ, “ನಿಮ್ಮ ಪಟ್ಟೀಲಿ ನನ್ನ ಹೆಸರಿರಲ್ಲ ಬಿಡಪ್ಪ. ನಮ್ಮ ಬೋರು ನಿಂತು ಎಷ್ಟೋ ವರ್ಷ ಆಯ್ತು. ಇನ್ನೊಂದು ಪಾಯಿಂಟ್ ಹಾಕಿಸಿದ್ವಿ, ಬರೀ ಧೂಳು ಬಂತು” ಎಂದರು.

ಆಕೆಯ ಬೋರು ಒಣಗಿದ್ದು ಪಕ್ಕದ ಹೊಲದವರಿಂದಲೇ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ಎರಡು ಸಂಗತಿ ಸ್ಪಷ್ಟ. ಒಂದು, ನೆಲದಡಿಯಿಂದ ಎತ್ತುವ ನೀರನ್ನು ಇಲ್ಲಿ ತೀರ್ಮಾನಿಸುತ್ತಿರುವುದು ಬೆಳೆಯ ಅಗತ್ಯವಲ್ಲ, ಕರೆಂಟ್ ಇರುವ ಹೊತ್ತು. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತವಾದ್ದರಿಂದ ಮೋಟ್ರು ಆರಿಸಲು ರೈತನಿಗೆ ಕಾರಣವೇ ಇಲ್ಲ. ಹಾಗಾಗಿ ಎಕರೆ ಲೆಕ್ಕದಲ್ಲಿ ಉಳಿದ ನೀರು ನೆಲದಲ್ಲಿ ಉಳಿಯಲಿಲ್ಲ, ಇನ್ನೊಂದೂವರೆ ಎಕರೆಗೆ ಹೋಯಿತು. ಎರಡು, ಇದನ್ನು ಕಂಡುಹಿಡಿಯಬಲ್ಲ ಪ್ರಶ್ನೆಯಾಗಲಿ, ಹೇಳಬಲ್ಲ ಮನುಷ್ಯರಾಗಲಿ ಸಮೀಕ್ಷೆಯ ನಮೂನೆಯಲ್ಲಿ ಇರಲಿಲ್ಲ.

ಇದು ಕೋಲಾರದ ಒಂದು ಹೊಲದ ಕಥೆ ಮಾತ್ರ ಅಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಹಲವು ದೇಶಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿ, ಸುಧಾರಿತ ನೀರಾವರಿಯಿಂದ ಹೊಲದ ಮಟ್ಟದಲ್ಲಿ ಲಾಭವಾದರೂ ಇಡೀ ಜಲಾನಯನದ ಮಟ್ಟದಲ್ಲಿ ನೀರು ಉಳಿಯುವುದು ಅಪರೂಪ ಎಂದಿತು. ಮರುವರ್ಷ ಸೈನ್ಸ್ ಪತ್ರಿಕೆಯಲ್ಲಿ ಕ್ವೆಂಟಿನ್ ಗ್ರಾಫ್ಟನ್ ಮತ್ತು ಸಂಗಡಿಗರು ಇದನ್ನೇ ನೀರಾವರಿ ದಕ್ಷತೆಯ ವಿರೋಧಾಭಾಸ ಎಂದು ಕರೆದು ಬರೆದರು. ಅವರು ಕೊಡುವ ಕಾರಣ ಹೀಗಿದೆ. ಹಳೆಯ ಪದ್ಧತಿಯಲ್ಲಿ ನೀರು ಹಾಯಿಸಿದಾಗ ವ್ಯರ್ಥವಾಯಿತು ಎಂದುಕೊಳ್ಳುವ ನೀರಿನಲ್ಲಿ ಒಂದು ಪಾಲು ನಿಜವಾಗಿ ಆವಿಯಾಗಿ ಹೋಗುತ್ತದೆ, ಇನ್ನೊಂದು ಪಾಲು ಇಂಗಿ ಯಾರದೋ ಬಾವಿಗೆ ಸೇರುತ್ತದೆ. ಡ್ರಿಪ್ ಎರಡನ್ನೂ ತಗ್ಗಿಸುತ್ತದೆ. ಮೊದಲನೆಯದು ಉಳಿತಾಯ. ಎರಡನೆಯದು ಒಬ್ಬರ ಲೆಕ್ಕದಿಂದ ಇನ್ನೊಬ್ಬರ ಲೆಕ್ಕಕ್ಕೆ ಆದ ವರ್ಗಾವಣೆ. ಕೋಲಾರದಂಥ ಗ್ರಾನೈಟ್ ನೆಲದಲ್ಲಿ, ಸಾವಿರ ಅಡಿ ಆಳದ ಬಿರುಕಿನಿಂದ ಎತ್ತಿದ ನೀರು ಮತ್ತೆ ಅದೇ ಆಳಕ್ಕೆ ಇಳಿಯುವುದು ಸುಲಭವಲ್ಲ. ಆದ್ದರಿಂದ ನಮ್ಮಲ್ಲಿ ಈ ಎರಡನೆಯ ಕಾರಣಕ್ಕಿಂತ, ಬೆಳೆಯುವ ಜಮೀನು ಹಿಗ್ಗುವುದೇ ದೊಡ್ಡ ಕಾರಣ ಎಂಬುದು ನನ್ನ ಅಂದಾಜು.

ಮೌಲ್ಯಮಾಪನಕ್ಕೆ ವ್ಯವಸ್ಥಾ ಚಿಂತನೆ ಬೇಕು ಎಂದು ಈಚೆಗೆ ತರಬೇತಿಗಳಲ್ಲಿ ಹೇಳುತ್ತಿರುವುದು ಇದನ್ನೇ. ಹೆಸರು ಭಾರಿಯಾದರೂ ವಿಷಯ ಅಷ್ಟು ಕಷ್ಟದ್ದಲ್ಲ. ಬಿಡಿ ವಸ್ತುಗಳನ್ನು ಎಣಿಸುವ ಬದಲು ಅವು ಒಂದನ್ನೊಂದು ಹೇಗೆ ಎಳೆದಾಡುತ್ತವೆ ಎಂದು ನೋಡುವುದು. ಅಮೆರಿಕದ ಡೊನೆಲ್ಲಾ ಮೆಡೋಸ್ ಇದನ್ನು ಸಾಮಾನ್ಯ ಓದುಗರಿಗೆ ತಲುಪಿಸಿದ ದೊಡ್ಡ ಹೆಸರು. 1972ರಲ್ಲಿ ಬೆಳವಣಿಗೆಯ ಮಿತಿಗಳ ಬಗ್ಗೆ ಬಂದ ಹೆಸರಾಂತ ಪುಸ್ತಕದ ಲೇಖಕರಲ್ಲಿ ಒಬ್ಬರು. 2001ರಲ್ಲಿ ತೀರಿಕೊಂಡರು, ವ್ಯವಸ್ಥೆಗಳ ಕುರಿತ ಅವರ ಪಾಠಗಳು 2008ರಲ್ಲಿ ಪುಸ್ತಕವಾದವು. ಸಂಗ್ರಹ ಯಾವುದು, ಹರಿವು ಯಾವುದು ಎಂದು ಬೇರ್ಪಡಿಸಿ ನೋಡಿ ಎನ್ನುವುದು ಅವರ ಮೊದಲ ಪಾಠ. ನಮ್ಮ ಡ್ರಿಪ್ ವರದಿಗಳು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದು ಖರ್ಚಿನ ಸಾಲನ್ನು ಮಾತ್ರ ನೋಡಿ, ಬಾಕಿ ಮೊತ್ತದ ಕಾಲಮ್ಮನ್ನು ನೋಡದೆ ಬಿಟ್ಟಂತಿವೆ. ಎಕರೆಗೆ ಇಷ್ಟು ಲೀಟರ್ ಎಂಬುದು ಹರಿವಿನ ಒಂದು ಎಳೆ. ನೆಲದಡಿ ಉಳಿದಿರುವುದು ಎಷ್ಟು ಎಂಬುದು ಸಂಗ್ರಹ. ಕೇಂದ್ರ ಅಂತರ್ಜಲ ಮಂಡಳಿ ತಾಲ್ಲೂಕುವಾರು ಈ ಲೆಕ್ಕ ಇಡುತ್ತದೆ. ವರ್ಷಕ್ಕೆ ತೆಗೆಯಬಹುದಾದ್ದಕ್ಕಿಂತ ಹೆಚ್ಚು ತೆಗೆದರೆ, ಅಂದರೆ ಬಳಕೆ ಶೇ 100 ಮೀರಿದರೆ, ಆ ತಾಲ್ಲೂಕು ಅತಿಬಳಕೆಯ ಪಟ್ಟಿಗೆ ಸೇರುತ್ತದೆ. ಕೋಲಾರದ ತಾಲ್ಲೂಕುಗಳು ಆ ಪಟ್ಟಿಗೆ ಹಳಬರು. ಡ್ರಿಪ್‌ನ ವರದಿಯನ್ನೂ ಈ ಪಟ್ಟಿಯನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದುವುದು ಯಾರ ಕೆಲಸ ಎಂದು ಎಲ್ಲಿಯೂ ಬರೆದಿಲ್ಲ.

ಬರೆಯದಿರುವುದಕ್ಕೆ ಇತಿಹಾಸವಿದೆ. ಮೌಲ್ಯಮಾಪನ ನಮ್ಮ ದೇಶಕ್ಕೆ ಹೊಸದಲ್ಲ. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶುರುವಾದಾಗಲೇ ಅದನ್ನು ಹೊರಗಿನಿಂದ ನೋಡಲು ಯೋಜನಾ ಆಯೋಗದಲ್ಲಿ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆ ಹುಟ್ಟಿತು. ಅಷ್ಟು ಹಿಂದೆಯೇ ಇಂಥ ಸಂಸ್ಥೆ ಕಟ್ಟಿದ ದೇಶಗಳು ಹೆಚ್ಚಿಲ್ಲ. 2015ರಲ್ಲಿ ಅದು ನೀತಿ ಆಯೋಗದ ಮೌಲ್ಯಮಾಪನ ಕಚೇರಿಯಲ್ಲಿ ಲೀನವಾಯಿತು. ರಾಜ್ಯಗಳ ಪೈಕಿ ಕರ್ನಾಟಕ 2011ರಲ್ಲೇ ಇದಕ್ಕೆಂದು ಪ್ರತ್ಯೇಕ ಪ್ರಾಧಿಕಾರ ಮಾಡಿಕೊಂಡಿದೆ, ಇದು ಹೆಮ್ಮೆಪಡುವ ವಿಷಯ. ಆದರೆ ಕೆಲಸದ ಹತಾರ ಬೇರೆ ಕಡೆಯಿಂದ ಬಂತು. 1969ರ ಸುಮಾರಿಗೆ ಅಮೆರಿಕದ ವಿದೇಶಿ ನೆರವಿನ ಇಲಾಖೆಗಾಗಿ ಒಂದು ಕೋಷ್ಟಕ ತಯಾರಾಯಿತು. ಹಣ ಹಾಕಿದರೆ ಕೆಲಸ, ಕೆಲಸದಿಂದ ಫಲ, ಫಲದಿಂದ ಗುರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಬರೆಯುವ ಲಾಗ್‌ಫ್ರೇಮ್ ಅದು. ಸೇತುವೆ ಕಟ್ಟುವುದಕ್ಕೆ, ಲಸಿಕೆ ಹಾಕುವುದಕ್ಕೆ ಅದು ಸೊಗಸಾದ ಸಾಧನ, ಅದನ್ನು ಎಸೆಯಿರಿ ಎನ್ನುವವರ ಪಕ್ಷ ನನ್ನದಲ್ಲ. ಆದರೆ ಮೆಟ್ಟಿಲು ಮೇಲಕ್ಕೆ ಮಾತ್ರ ಹೋಗುತ್ತದೆ. ಫಲವೇ ತಿರುಗಿ ಬಂದು ಮೂಲವನ್ನು ತಿನ್ನುವ ಸಂದರ್ಭ ಅದರಲ್ಲಿ ಕಾಣುವುದಿಲ್ಲ. ಟೊಮ್ಯಾಟೊ ಲಾಭ ತಂದಿತು, ಲಾಭದ ದುಡ್ಡಲ್ಲಿ ಇನ್ನೊಂದು ಬೋರ್ ಬಿತ್ತು, ಆ ಬೋರಿನಿಂದಾಗಿ ಮೊದಲಿನ ಬೋರಿನ ನೀರು ಇಳಿಯಿತು, ಇನ್ನೂ ಆಳಕ್ಕೆ ಹೋಗಬೇಕಾಯಿತು, ಆ ಸಾಲ ತೀರಿಸಲು ರಾಗಿ ಬಿಟ್ಟು ಮತ್ತೆ ಟೊಮ್ಯಾಟೊವೇ ಹಾಕಬೇಕಾಯಿತು. ಈ ಸುತ್ತನ್ನು ಕೋಷ್ಟಕದ ಯಾವ ಚೌಕದಲ್ಲಿ ಬರೆಯುತ್ತೀರಿ?

ನ್ಯೂಜಿಲೆಂಡಿನ ಬಾಬ್ ವಿಲಿಯಮ್ಸ್ ಮೌಲ್ಯಮಾಪನ ಮತ್ತು ವ್ಯವಸ್ಥಾ ಚಿಂತನೆ ಎಂಬ ಎರಡು ಲೋಕಗಳನ್ನು ಬೆಸೆಯಲು ತುಂಬ ದುಡಿದವರು. ಇರಾಜ್ ಇಮಾಮ್ ಜೊತೆ ಅವರು 2007ರಲ್ಲಿ ಸಂಪಾದಿಸಿದ ಪುಸ್ತಕ ಈ ವೃತ್ತಿಯವರ ನಡುವೆ ದೊಡ್ಡ ಚರ್ಚೆ ಹುಟ್ಟಿಸಿತು. ವ್ಯವಸ್ಥಾ ಚಿಂತನೆಯ ಅಷ್ಟೆಲ್ಲ ವಿಧಾನಗಳ ತಿರುಳು ಮೂರೇ ಎನ್ನುತ್ತಾರೆ ಅವರು: ಸಂಬಂಧಗಳು, ದೃಷ್ಟಿಕೋನಗಳು, ಎಲ್ಲೆಗಳು. ಮೂರರಲ್ಲಿ ಮೊದಲನೆಯದಕ್ಕೆ ನಮ್ಮವರು ಬೇಗ ಒಗ್ಗಿಕೊಳ್ಳುತ್ತಾರೆ, ಬಾಣದ ಗುರುತು ಹಾಕಿ ಚಿತ್ರ ಬಿಡಿಸುವುದು ಎಲ್ಲರಿಗೂ ಇಷ್ಟ. ಎರಡನೆಯದನ್ನೂ, ಗುಂಪು ಚರ್ಚೆ ನಡೆಸಿ, ತಕ್ಕಮಟ್ಟಿಗೆ ಮಾಡುತ್ತೇವೆ. ಕಷ್ಟ ಬರುವುದು ಮೂರನೆಯದರಲ್ಲಿ, ಏಕೆಂದರೆ ಎಲ್ಲೆ ಎಳೆಯುವುದು ಅಧಿಕಾರದ ಪ್ರಶ್ನೆ. ಸ್ವಿಟ್ಜರ್ಲೆಂಡಿನ ವೆರ್ನರ್ ಉಲ್ರಿಚ್ 1983ರಲ್ಲಿ ಇದಕ್ಕಾಗಿಯೇ ಹನ್ನೆರಡು ಪ್ರಶ್ನೆಗಳ ಒಂದು ಪದ್ಧತಿ ಕೊಟ್ಟರು. ಇದರಿಂದ ಯಾರಿಗೆ ಲಾಭ, ಗೆಲುವಿನ ಅಳತೆಗೋಲು ಯಾವುದು, ತೀರ್ಮಾನ ಯಾರ ಕೈಯಲ್ಲಿದೆ, ಯಾರ ತಿಳಿವಳಿಕೆಯನ್ನು ತಿಳಿವಳಿಕೆ ಎಂದು ಒಪ್ಪಲಾಗಿದೆ ಎಂಬಂಥವು. ಪ್ರತಿಯೊಂದನ್ನೂ ಎರಡು ಸಲ ಕೇಳಬೇಕು: ಈಗ ಹೇಗಿದೆ, ಹೇಗಿರಬೇಕಿತ್ತು. ನನಗೆ ಅದರಲ್ಲಿ ಅತ್ಯಂತ ಮುಖ್ಯವಾಗಿ ಕಂಡದ್ದು, ಯೋಜನೆಯಲ್ಲಿ ಪಾಲಿಲ್ಲದಿದ್ದರೂ ಅದರ ಪರಿಣಾಮ ಉಣ್ಣುವವರ ಪರವಾಗಿ ಸಾಕ್ಷಿ ಹೇಳುವವರು ಯಾರು ಎಂಬ ಪ್ರಶ್ನೆ. ಕ್ರೇಟಿಗೆ ಟೊಮ್ಯಾಟೊ ತುಂಬುತ್ತಿದ್ದ ಆ ತಾಯಿಗೆ ವರದಿಯಲ್ಲಿ ಜಾಗ ಸಿಗುವುದಿದ್ದರೆ ಈ ಪ್ರಶ್ನೆಯಿಂದ ಮಾತ್ರ.

ಇದನ್ನು ಸಭೆಯೊಂದರಲ್ಲಿ ಎತ್ತಿದಾಗ ಹಿರಿಯ ಅಧಿಕಾರಿಯೊಬ್ಬರು ಹೇಳಿದರು: “ನಮಗೆ ಕೊಟ್ಟಿರೋ ಕೆಲಸ ಡ್ರಿಪ್ ಹಾಕಿಸೋದು. ಅಂತರ್ಜಲ ನಮ್ಮ ವ್ಯಾಪ್ತಿಗೆ ಬರಲ್ಲ.” ಅವರ ಮಾತನ್ನು ಉಡಾಫೆ ಎನ್ನಲಾರೆ. ಡ್ರಿಪ್‌ನ ಸಹಾಯಧನ ತೋಟಗಾರಿಕೆ, ಕೃಷಿ, ರೇಷ್ಮೆ ಇಲಾಖೆಗಳಲ್ಲಿ ಹಂಚಿಹೋಗಿದೆ. ಅಂತರ್ಜಲ ಸಣ್ಣ ನೀರಾವರಿಯವರದು. ಉಚಿತ ವಿದ್ಯುತ್ತಿನ ಬಾಬ್ತು ಇಂಧನ ಇಲಾಖೆಯದು. ಬೋರ್ ಕೊರೆಯಲು ನಿಯಂತ್ರಣ ತಂದ ಕಾನೂನು 2011ರಿಂದ ಇದೆ, ಅದರ ಜಾರಿ ಇನ್ನೊಂದು ಕಡೆ. ಪ್ರತಿ ಇಲಾಖೆಯೂ ತನ್ನ ಗೆರೆಯೊಳಗೆ ಮೌಲ್ಯಮಾಪನ ಮಾಡಿಸಿಕೊಂಡರೆ ಪ್ರತಿಯೊಂದೂ ಪಾಸಾಗುತ್ತದೆ, ನೀರು ಮಾತ್ರ ಕೆಳಗಿಳಿಯುತ್ತಲೇ ಇರುತ್ತದೆ. ಶ್ರೀಮಂತ ರಾಷ್ಟ್ರಗಳ ಒಇಸಿಡಿ ಕೂಟ 1991ರಿಂದ ಬಳಸುತ್ತಿದ್ದ ಐದು ಮಾನದಂಡಗಳಿಗೆ 2019ರಲ್ಲಿ ಆರನೆಯದನ್ನು ಸೇರಿಸಿದ್ದು ಇದೇ ಕೊರತೆ ಕಂಡು: ಈ ಯೋಜನೆ ಉಳಿದ ಯೋಜನೆಗಳ ಜೊತೆ ಹೊಂದುತ್ತದೆಯೇ, ಇಲ್ಲವೇ? ಹೀಗೆ ಹೊಂದಿಸಿ ನೋಡುವ ಒಂದು ಪ್ರಯೋಗವನ್ನು ಪಂಜಾಬ್ 2018ರಲ್ಲಿ ಮಾಡಿತು. ರೈತರಿಗೆ ವಿದ್ಯುತ್ತಿನ ಒಂದು ಪಾಲು ಗೊತ್ತುಮಾಡಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ಖಾತೆಗೆ ಹಾಕುವ ಯೋಜನೆ. ಮೋಟ್ರು ಆರಿಸಲು ರೈತನಿಗೆ ಒಂದು ಕಾರಣ ಕೊಡುವ ಈ ಆಲೋಚನೆ, ನೀರು ಮತ್ತು ಕರೆಂಟನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಮಾತ್ರ ಹೊಳೆಯುವಂಥದ್ದು.

ಇಲ್ಲೊಂದು ಆಕ್ಷೇಪ ಇದೆ, ಗಟ್ಟಿಯಾದ ಆಕ್ಷೇಪವೇ. ಎಲ್ಲದಕ್ಕೂ ಎಲ್ಲದರ ಜೊತೆ ಸಂಬಂಧವಿದೆ ಎಂದು ಹೊರಟರೆ ಕೆಲಸ ಮುಗಿಯುವುದು ಎಂದು? ಮೌಲ್ಯಮಾಪನ ತಂಡಕ್ಕೆ ಸಿಗುವುದು ಕೆಲವೇ ತಿಂಗಳು, ಲೆಕ್ಕ ಹಾಕಿ ಕೊಟ್ಟ ದುಡ್ಡು. ಡ್ರಿಪ್ ನೋಡಲು ಹೋಗಿ ಟೊಮ್ಯಾಟೊ ಮಾರುಕಟ್ಟೆ, ಬ್ಯಾಂಕ್ ಸಾಲ, ಬೆಂಗಳೂರಿನ ವಲಸೆ ಎಲ್ಲವನ್ನೂ ಎಳೆದುಕೊಂಡರೆ ವರದಿಯೇ ಹೊರಬರುವುದಿಲ್ಲ. ನಿಜ. ಅದಕ್ಕೇ ಗೆರೆ ಬೇಡ ಎಂದು ನಾನು ಹೇಳುತ್ತಿಲ್ಲ. ಗೆರೆಯಿಲ್ಲದೆ ಯಾವ ಅಧ್ಯಯನವೂ ಆಗದು. ಅದನ್ನು ಬಚ್ಚಿಡಬೇಡಿ, ಅಷ್ಟೇ. ವರದಿಯ ಮೊದಲ ಪುಟದಲ್ಲೇ ಬರೆಯಿರಿ: ಇದನ್ನು ನೋಡಿದೆವು, ಇದನ್ನು ಬಿಟ್ಟೆವು, ಬಿಟ್ಟದ್ದು ಈ ಕಾರಣಕ್ಕೆ, ಬಿಟ್ಟದ್ದರಿಂದ ನಮ್ಮ ತೀರ್ಪು ಇಂತಲ್ಲಿ ತಪ್ಪಾಗಬಹುದು. ನೂರು ಮನೆ ಸಮೀಕ್ಷೆಗೆ ಹಣವಿದ್ದರೆ ಎಂಬತ್ತನ್ನು ಪಟ್ಟಿಯಿಂದ ಆರಿಸಿ, ಇಪ್ಪತ್ತನ್ನು ಅದೇ ಊರಲ್ಲಿ ಪಟ್ಟಿಯಲ್ಲಿಲ್ಲದವರಿಗೆ ಮೀಸಲಿಡಿ. ಹೆಚ್ಚಿನ ಖರ್ಚು ಇಲ್ಲ, ವರದಿಯ ಬಣ್ಣವೇ ಬದಲಾಗುತ್ತದೆ. ಮಳೆ ಚೆನ್ನಾಗಿ ಬಂದ ವರ್ಷದ ಅಂಕಿಯನ್ನು ಮಾತ್ರ ನಂಬಬೇಡಿ. ಕೈಕೊಟ್ಟ ವರ್ಷ ಇನ್ನೊಮ್ಮೆ ಹೋಗುವ ಅವಕಾಶವನ್ನು ಒಪ್ಪಂದದಲ್ಲೇ ಕೇಳಿ ಪಡೆಯಿರಿ.

ಗೆರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಕೋಲಾರದಲ್ಲೇ ಇನ್ನೊಂದು ಉದಾಹರಣೆ ಇದೆ. 2018ರ ಜೂನ್‌ನಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೊಳವೆಯಲ್ಲಿ ಬಂದು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಎಷ್ಟೋ ವರ್ಷ ಬಿರುಕುಬಿಟ್ಟು ಬಿದ್ದಿದ್ದ ಅಂಗಳದಲ್ಲಿ ನೀರು ನಿಂತದ್ದು ಕಂಡು ಹಿಗ್ಗಿದ ರೈತರ ಸಂತೋಷ ದೊಡ್ಡದು. ಕೆರೆಯ ಸುತ್ತಲಿನ ಬೋರುಗಳ ಮಟ್ಟ ಎಂಬಲ್ಲಿಗೆ ಗೆರೆ ನಿಲ್ಲಿಸಿದರೆ ಯೋಜನೆಯ ಬಗ್ಗೆ ಎರಡು ಮಾತಿಲ್ಲ. ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು ದಶಕಗಳ ಕಾಲ ಇಂಗಿದರೆ ಮಣ್ಣು, ಕುಡಿಯುವ ನೀರು ಏನಾಗುತ್ತದೆ ಎಂಬಲ್ಲಿಗೆ ಗೆರೆ ಒಯ್ದರೆ, ಮೂರನೇ ಹಂತದ ಸಂಸ್ಕರಣೆ ಬೇಕೆಂದು ಹೋರಾಡುತ್ತಿರುವವರ ಮಾತು ಒಳಗೆ ಬರುತ್ತದೆ. ಈ ನೀರು ಮೊದಲು ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿದರೆ ಗೆರೆ ರಾಜ್ಯದ ಗಡಿ ದಾಟುತ್ತದೆ: ಬೆಳ್ಳಂದೂರು, ವರ್ತೂರು ಕೆರೆಗಳಿಂದ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯಕ್ಕೆ. ಬಂದ ನೀರನ್ನು ನಂಬಿ ಎಷ್ಟು ಎಕರೆ ಹೊಸದಾಗಿ ಟೊಮ್ಯಾಟೊಗೆ ತಿರುಗಿತು ಎಂದು ಕೇಳಿದರೆ ಮತ್ತೆ ಡ್ರಿಪ್‌ನ ಕಥೆಗೇ ಬರುತ್ತೇವೆ. ಇಷ್ಟೂ ಗೆರೆಗಳಲ್ಲಿ ಸರಿಯಾದದ್ದು ಇದೊಂದೇ ಎಂದು ಯಾವ ಪರಿಣತರೂ ಹೇಳಲಾರರು. ಯಾವುದನ್ನು ಆರಿಸಿದಿರಿ, ಆರಿಸುವಾಗ ಕೋಣೆಯಲ್ಲಿ ಯಾರಿದ್ದರು ಎಂಬುದನ್ನು ಮಾತ್ರ ಹೇಳಲೇಬೇಕು.

ಕೋಲಾರಕ್ಕೆ ಹೊಂದಿಕೊಂಡ ಚಿತ್ತೂರು, ಅದರಾಚೆಯ ಅನಂತಪುರ ಸೇರಿ ಆಗಿನ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ 2000ರ ದಶಕದಲ್ಲಿ ಗೆರೆಯನ್ನು ಬೇರೆ ರೀತಿ ಎಳೆದ ಒಂದು ಕೆಲಸ ನಡೆಯಿತು. ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಲ್ಲಿ ರೈತರೇ ಮಳೆಮಾಪಕ ಇಟ್ಟುಕೊಂಡರು, ತಮ್ಮ ಬೋರುಗಳ ನೀರಿನ ಮಟ್ಟ ತಾವೇ ಅಳೆದು ಪುಸ್ತಕದಲ್ಲಿ ಬರೆದರು. ಹಿಂಗಾರಿಗೆ ಮುಂಚೆ ಊರವರೆಲ್ಲ ಸೇರಿ ಇಷ್ಟು ಬಂತು, ಇಷ್ಟು ಇದೆ, ಭತ್ತ ಹಾಕಿದರೆ ಇಷ್ಟು ಬೇಕು ಎಂದು ಕೂಡಿಸಿ ಕಳೆದರು. ಯಾರಿಗೂ ನಿರ್ಬಂಧ ಹಾಕಲಿಲ್ಲ, ಬೆಳೆ ಬದಲಿಸಲು ದುಡ್ಡೂ ಕೊಡಲಿಲ್ಲ. ವಿಶ್ವಬ್ಯಾಂಕ್ ಅದನ್ನು ಮಾದರಿ ಎಂದು ಹೊಗಳಿತು. ಯೋಜನೆ ಮುಗಿದ ಮೇಲೆ ಹೋಗಿ ನೋಡಿದ ಸಂಶೋಧಕರಲ್ಲಿ ಕೆಲವರು, ಹೇಳಿದಷ್ಟು ಬದಲಾವಣೆ ಕಾಣಲಿಲ್ಲ ಎಂದರು. ಎರಡನ್ನೂ ಓದಿದ ಮೇಲೆ ನನಗೆ ಆಕರ್ಷಕವಾಗಿ ಉಳಿದದ್ದು ಯೋಜನೆಯ ಯಶಸ್ಸಲ್ಲ, ಆ ಲೆಕ್ಕದ ಪುಸ್ತಕ. ಅದರ ಗೆರೆ ಒಬ್ಬ ಫಲಾನುಭವಿಯ ಹೊಲಕ್ಕೆ ನಿಂತಿರಲಿಲ್ಲ, ಒಂದು ಹಳ್ಳದ ನೀರು ಹರಿದುಬರುವ ಅಷ್ಟೂ ನೆಲದ ಸುತ್ತ ಇತ್ತು. ಡ್ರಿಪ್ ಇದ್ದವರೂ ಇಲ್ಲದವರೂ, ಬೋರು ಬತ್ತಿದವರೂ ಅದರಲ್ಲಿ ಸೇರಿದ್ದರು.

2019ರ ಡಿಸೆಂಬರ್‌ನಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿ ಏಳು ರಾಜ್ಯಗಳ ಗ್ರಾಮ ಪಂಚಾಯಿತಿಗಳಲ್ಲಿ ಇಂಥದೇ ನೀರಿನ ಆಯವ್ಯಯ ಬರೆಸಲು ಹೊರಟಿತು. ನಿಮ್ಮ ಪಂಚಾಯಿತಿ ಅದರಲ್ಲಿದ್ದರೆ ಆ ಕಡತ ಅಲ್ಲಿ ಇರಬೇಕು, ಕೇಳಿ ನೋಡಿ. ಮುಂದಿನ ಸಲ ಡ್ರಿಪ್ ಎಣಿಸಲು ನಿಮ್ಮೂರಿಗೆ ಬರುವ ತಂಡದ ಕೈಗೆ ಆ ಕಡತದ ಒಂದು ಪ್ರತಿ ಕೊಡಿ. ಪಟ್ಟಿಯಲ್ಲಿ ಹೆಸರಿಲ್ಲದ ನಾಲ್ಕು ಮನೆಗಳಿಗೂ ಅವರನ್ನು ಕರೆದುಕೊಂಡು ಹೋಗಿ.